ಎರಡು ಹೊತ್ತಿನ ಹಿಂಡಿ

ತೊಗಲು ಕೊಳ್ಳುವ ಸಾಹೇಬರು ವಾರಕ್ಕೆರಡು ಸಲ ನಮ್ಮೂರಿನ ಕಡೆ ಬರತೊಡಗಿದಾಗಲೇ ನಮಗೆ ಅನುಮಾನ ಬರಬೇಕಿತ್ತು. ಮೊದಲೆಲ್ಲ ಅವರು ಬರುತ್ತಿದ್ದದ್ದು ತಿಂಗಳಿಗೊಮ್ಮೆ. ಶ್ರೀನಿವಾಸಪುರದಿಂದ ಗೌನಿಪಲ್ಲಿಗೆ ಹೋಗುವ ದಾರಿಯಲ್ಲಿ ನಮ್ಮ ಮನೆಯ ಮುಂದೆ ಒಂಟೆತ್ತಿನ ಗಾಡಿ ನಿಲ್ಲಿಸಿ, ಎತ್ತಿಗೂ ತಮಗೂ ನೀರು ಕೇಳಿ, ನಮ್ಮ ಅತ್ತೆಯ ಹತ್ತಿರ ಎರಡು ಮಾತಾಡಿ ಹೋಗುತ್ತಿದ್ದರು. ಆ ಬೇಸಗೆಯಲ್ಲಿ ಹೋಗುವಾಗ ಬರಿದಾಗಿರುತ್ತಿದ್ದ ಗಾಡಿ ವಾಪಸು ಬರುವಾಗ ತುಂಬಿರುತ್ತಿತ್ತು. ಮೇಲೆ ಗೋಣಿತಾಟು ಹೊದಿಸಿರುತ್ತಿದ್ದರು. ಆದರೂ ನೊಣಗಳಿಗೆ ಯಾರು ಹೇಳಬೇಕು? ಅವು ಗಾಡಿಯ ಹಿಂದೆಯೇ ಬರುತ್ತಿದ್ದವು.

"ವ್ಯಾಪಾರ ಜೋರಾಗಿದೆಯಲ್ಲ ಸಾಹೇಬ್ರೆ," ಎಂದು ನಾನು ಬಾಗಿಲ ಮರೆಯಿಂದಲೇ ಕೆಣಕಿದೆ. ಸಾಹೇಬರಿಗೆ ಅದು ಹಿಡಿಸಲಿಲ್ಲ. "ಇಂಥಾ ವ್ಯಾಪಾರ ಯಾರಿಗೆ ಬೇಕಮ್ಮಾ," ಎಂದು ಚೊಂಬು ಕೆಳಗಿಟ್ಟು ಹೊರಟುಬಿಟ್ಟರು. ಎಲ್ಲಿ, ಯಾಕೆ, ಯಾವ ದನ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಅವರು ಹೇಳುತ್ತಿದ್ದರು ಎಂದು ಈಗ ಅನಿಸುತ್ತದೆ.

ಅದು ಯುದ್ಧದ ಕಾಲ. ಯುದ್ಧ ಎಲ್ಲೋ ದೂರದಲ್ಲಿ ನಡೆಯುತ್ತಿತ್ತು. ನಮ್ಮ ಕಡೆಯವರಿಗೆ ಅದು ಗೊತ್ತಾಗಿದ್ದು ಸೀಮೆಎಣ್ಣೆ ಸಿಗದೆ ಹೋದಾಗ. ಮನೆಮನೆಯಲ್ಲೂ ಅಟ್ಟದ ಮೇಲಿದ್ದ ಹಳೆಯ ಹಣತೆಗಳು ಕೆಳಗಿಳಿದವು. ಹರಳೆಣ್ಣೆಗೆ ಮತ್ತೆ ಬೆಲೆ ಬಂತು. ಅಲ್ಲಿಯವರೆಗೆ ನಮ್ಮ ಕಡೆ ಹರಳೆಣ್ಣೆಯನ್ನು ಮನೆಯಲ್ಲೇ ಹೆಂಗಸರು ತೆಗೆಯುತ್ತಿದ್ದರು. ಹರಳು ಹುರಿದು, ಒರಳಿನಲ್ಲಿ ಕುಟ್ಟಿ, ಹಂಡೆಯಲ್ಲಿ ನೀರು ಹಾಕಿ ಬೆಳಗಿನಿಂದ ಸಂಜೆಯವರೆಗೆ ಕುದಿಸಿ, ಮೇಲೆ ತೇಲಿದ ಎಣ್ಣೆಯನ್ನು ಸೌಟಿನಿಂದ ತೆಗೆಯಬೇಕು. ತಲೆಗೆ, ಬಾಣಂತಿಗೆ, ಹೊಟ್ಟೆಗೆ ಎಂದು ಒಂದೆರಡು ಸೇರು ಮಾಡಿಕೊಂಡರೆ ವರ್ಷಕ್ಕೆ ಸಾಕಾಗುತ್ತಿತ್ತು. ದೀಪಕ್ಕೆಂದರೆ ಅಷ್ಟು ಸಾಲುವುದಿಲ್ಲವಲ್ಲ. ಹಂಡೆ ಹೊತ್ತಿಸಿ ಕೂರುವ ಪುರುಸೊತ್ತು ಯಾರಿಗಿದೆ ಎಂದು ಎಲ್ಲರೂ ಹರಳನ್ನು ಗಾಣಕ್ಕೆ ಹೊತ್ತರು. ಕಡಲೆಕಾಯಿ ಅರೆಯುತ್ತಿದ್ದ ಗಾಣ ಆ ವರ್ಷ ಹರಳು ಅರೆಯತೊಡಗಿತು.

ನಾನು ಮಾಲೂರಿನ ಕಡೆಯ ಹುಡುಗಿ. ನಾಲ್ಕನೇ ಕ್ಲಾಸು ಪಾಸು ಮಾಡಿದ್ದೆ. ಅದೇನು ದೊಡ್ಡ ವಿದ್ಯೆಯೆಂದು ಈಗ ನಗು ಬರುತ್ತದೆ, ಆದರೆ ನಮ್ಮ ಓಣಿಯಲ್ಲಿ ಕಾಗದ ಓದಬಲ್ಲ ಹೆಂಗಸು ನಾನೊಬ್ಬಳೇ ಆಗಿದ್ದೆ. ಆ ಜಂಬ ನನಗೆ ಸಾಕಷ್ಟಿತ್ತು. ಮೂಗಿನ ತುದಿಯಲ್ಲೇ ಕೋಪ ಬೇರೆ. ಅತ್ತೆ ಒಂದು ಹೇಳಿದರೆ ನಾನು ಎರಡು ಹೇಳುತ್ತಿದ್ದೆ. ಉಪ್ಪು ಹಾಕು ಎಂದರೆ ಆಗಲೇ ಹಾಕಿದ್ದೇನೆ ಎನ್ನುವುದು, ಇವತ್ತು ಸೊಪ್ಪಿನ ಸಾರು ಎಂದರೆ ನಿನ್ನೆಯೂ ಅದೇ ಅಲ್ಲವೇ ಎನ್ನುವುದು. ಓಣಿಯ ಹೆಂಗಸರು ನಮ್ಮ ಮನೆಯ ಜಗಲಿಯ ಹತ್ತಿರ ಬಂದರೆ ನಡಿಗೆ ನಿಧಾನ ಮಾಡುತ್ತಿದ್ದರು, ಒಳಗೆ ಏನಾದರೂ ನಡೆಯುತ್ತಿರಬಹುದೆಂದು.

ನಮ್ಮ ಅತ್ತೆ ಗೌನಿಪಲ್ಲಿಯ ಆಚೆಯವರು, ತೆಲುಗು ಮನೆಮಾತು. ಓದಿಲ್ಲ, ಬರೆದಿಲ್ಲ. ಆದರೆ ದನದ ವಿಷಯದಲ್ಲಿ ಅವರ ಮಾತಿಗೆ ಸುತ್ತಲ ನಾಲ್ಕೂರಲ್ಲಿ ಎದುರಿರಲಿಲ್ಲ. ಹೊಟ್ಟೆಯುಬ್ಬರವೋ, ಕರು ಅಡ್ಡ ಬಂದಿದೆಯೋ, ಹಸು ಹಾಲು ಸೊರೆಬಿಡುತ್ತಿಲ್ಲವೋ, ಯಾವುದಕ್ಕೂ ಮೊದಲು ನಮ್ಮ ಮನೆಯ ಬಾಗಿಲಿಗೇ ಬರುತ್ತಿದ್ದರು. ಅತ್ತೆ ಸೀರೆ ಎತ್ತಿ ಕಟ್ಟಿ ಹೊರಟರೆಂದರೆ ಗಂಡಸರು ದಾರಿ ಬಿಡುತ್ತಿದ್ದರು. ಅವರ ಹೆಸರು ಹೇಳಿ ಹರಕೆ ಕಟ್ಟಿಕೊಂಡವರೂ ಇದ್ದರಂತೆ. ಅದೊಂದು ನಿಜವೋ ಸುಳ್ಳೋ ನನಗೆ ಗೊತ್ತಿಲ್ಲ.

ನಮ್ಮ ಮನೆಯ ಎರಡು ಎತ್ತುಗಳನ್ನು ಅವರೇ ಸಾಕಿದ್ದರು. ಎರಡೂ ಒಂದೇ ಹಸುವಿನ ಕರುಗಳು, ಒಂದು ವರ್ಷದ ಅಂತರ. ತಾಯಿ ಹಸು ಬೇಗ ಸತ್ತಿದ್ದರಿಂದ ಚಿಕ್ಕದಕ್ಕೆ ಅತ್ತೆ ಗಂಜಿಯಲ್ಲಿ ಬೆರಳು ಅದ್ದಿ ನೆಕ್ಕಿಸಿ ಬದುಕಿಸಿದ್ದರು. ದೊಡ್ಡದು ಬಿಳಿ, ಚಿಕ್ಕದು ಸ್ವಲ್ಪ ಕಂದು. ನಮ್ಮ ಬಾವಿಗೆ ಕಪಿಲೆ ಇತ್ತು. ಎತ್ತುಗಳು ಇಳಿಜಾರಿನಲ್ಲಿ ಇಳಿದರೆ ಬಾವಿಯಿಂದ ತೊಗಲಿನ ಚೀಲ ನೀರು ತುಂಬಿಕೊಂಡು ಮೇಲೆ ಬರುತ್ತದೆ, ನೀರು ಸುರಿದ ಮೇಲೆ ಎತ್ತುಗಳು ಹಿಂದಿಂದಕ್ಕೆ ಹತ್ತಬೇಕು. ಹಿಂದಕ್ಕೆ ಹತ್ತುವುದನ್ನು ಕಲಿಸುವುದೇ ಕಷ್ಟ. ಎಷ್ಟೋ ಮನೆಗಳಲ್ಲಿ ಮುಳ್ಳುಗೋಲಿನಿಂದ ಚುಚ್ಚಿ ಕಲಿಸುತ್ತಿದ್ದರು. ಅತ್ತೆ ಈ ಜೋಡಿಗೆ ಬಾಯಿಮಾತಿನಲ್ಲೇ ಕಲಿಸಿದ್ದರು. ಆ ಜೋಡಿಯ ಮೇಲೆಯೇ ನಮ್ಮ ತೋಟ, ನಮ್ಮ ತರಕಾರಿ, ನಮ್ಮ ಊಟ ನಿಂತಿತ್ತು. ಇಂಥ ಇನ್ನೊಂದು ಜೋಡಿ ಸಾಕಿ ಕಲಿಸುವ ವಯಸ್ಸು ತಮಗಿಲ್ಲ ಎಂದು ಅತ್ತೆ ಆಗಾಗ ಹೇಳುತ್ತಿದ್ದರು.

ಆ ಬೇಸಗೆಯ ಮೊದಲಲ್ಲಿ ಶ್ರೀನಿವಾಸಪುರದಿಂದ ದನದ ಡಾಕ್ಟರು ಸೈಕಲ್ಲಿನಲ್ಲಿ ಬಂದು ಚಾವಡಿಯಲ್ಲಿ ಪಂಚಾಯಿತಿಯವರನ್ನು ಸೇರಿಸಿದರು. ನಮ್ಮ ಯಜಮಾನರು ಪಂಚಾಯಿತಿಯ ಮೆಂಬರು. ದನಗಳ ಬಗ್ಗೆ ಊರಿಗೊಂದು ಕಟ್ಟುಪಾಡು ಬೇಕೆಂದು ಡಾಕ್ಟರು ಹೇಳಿ, ಎಲ್ಲರೂ ಒಪ್ಪಿ, ಬರೆದುಕೊಂಡರು. ಹೆಗಲು ಹುಣ್ಣಾದ ಎತ್ತನ್ನು ವಾಸಿಯಾಗುವವರೆಗೆ ನೊಗಕ್ಕೆ ಕಟ್ಟಕೂಡದು. ಮೊಳೆ ಹೊಡೆದ ಮುಳ್ಳುಗೋಲು ಹಿಡಿಯಕೂಡದು. ಗಾಣದ ಹರಳು ಹಿಂಡಿ ಗೊಬ್ಬರಕ್ಕೆ ಮಾತ್ರ, ದನಕ್ಕೆ ಹಾಕಕೂಡದು, ಅದು ವಿಷ. ತಪ್ಪಿದವರಿಗೆ ಏನು ಶಿಕ್ಷೆ ಎಂಬ ಮಾತು ಬಂದಾಗ ನಮ್ಮ ಯಜಮಾನರೇ ಒಂದು ಉಪಾಯ ಹೇಳಿದರು. ದಂಡ ಹಾಕಿದರೆ ಕಟ್ಟಿ ಮರೆತುಬಿಡುತ್ತಾರೆ, ತಮಟೆ ಹೊಡೆಸಿ ಅವರ ಹೆಸರನ್ನು ಓಣಿ ಓಣಿಯಲ್ಲಿ ಸಾರಿಸಿದರೆ ಬುದ್ಧಿ ಬರುತ್ತದೆ ಎಂದರು. ಮನೆಗೆ ಬಂದು ಅದನ್ನು ಹೇಳಿದಾಗ ನಾನು ಭೇಷ್ ಎಂದೆ.

ಆ ಕಾಗದವನ್ನು ಓಣಿಯ ಹೆಂಗಸರಿಗೆಲ್ಲ ಓದಿ ಹೇಳಿದವಳೂ ನಾನೇ. ಮುಳ್ಳುಗೋಲಿನ ಮಾತು ಕೇಳಿ ಅತ್ತೆ, "ಮಂಚಿ ಮಾಟ, ಒಳ್ಳೇ ಮಾತು ಹೇಳಿದಾನೆ ಆ ಡಾಕ್ಟರು ಹುಡುಗ," ಎಂದು ತಲೆದೂಗಿದರು. ಹಿಂಡಿಯ ಮಾತು ಬಂದಾಗ ಮಾತ್ರ ಅವರ ಮುಖ ಬದಲಾಯಿತು.

"ವಿಷ ಅಂತಾ? ಯಾರು ಹೇಳಿದ್ದು? ಮೂವತ್ತು ವರ್ಷದಿಂದ ಹರಳಿನ ಗಸಿ ಹಾಕ್ತಾ ಇದ್ದೀನಿ ನಾನು. ಯಾವ ದನ ಸತ್ತಿದೆ ತೋರ್ಸು," ಎಂದರು.

ಅವರು ಸುಳ್ಳು ಹೇಳುತ್ತಿರಲಿಲ್ಲ. ಮನೆಯಲ್ಲಿ ಎಣ್ಣೆ ಕಾಯಿಸಿದಾಗ ಹಂಡೆಯ ತಳದಲ್ಲಿ ಉಳಿಯುವ ಗಸಿಯನ್ನು ಬೂಸದ ಜೊತೆ ಕಲಸಿ ಅವರು ಎತ್ತುಗಳಿಗೆ ಹಾಕುವುದನ್ನು ನಾನೇ ನೋಡಿದ್ದೆ. ಎತ್ತುಗಳ ಮೈ ಮಿರುಗುತ್ತಿತ್ತು. ನನ್ನ ಹತ್ತಿರ ಕಾಗದವಿತ್ತು, ಅವರ ಹತ್ತಿರ ಮೂವತ್ತು ವರ್ಷವಿತ್ತು. ಗಾಣದ ಹಿಂಡಿಗೂ ಹಂಡೆಯ ಗಸಿಗೂ ಏನಾದರೂ ವ್ಯತ್ಯಾಸವಿದೆಯೇ ಎಂದು ನಮ್ಮಿಬ್ಬರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಡಾಕ್ಟರನ್ನು ಒಂದು ಮಾತು ಕೇಳಬಹುದಿತ್ತು. ಕೇಳುವುದು ಬಿಟ್ಟು ನಾವು ಜಗಳ ಆಡಿದೆವು.

ಚೈತ್ರ ಕಳೆಯುವ ಹೊತ್ತಿಗೆ ಕಡಲೆಕಾಯಿ ಹಿಂಡಿ ಕಣ್ಣಿಗೆ ಕಾಣದಂತಾಯಿತು. ಹೋಳೂರಿನ ಸಂತೆಯಲ್ಲೂ ಇಲ್ಲ, ಹುತ್ತೂರಿನ ಕಡೆಯೂ ಇಲ್ಲ. ಬಾವಿಯ ನೀರು ಇಳಿದಷ್ಟೂ ಹಗ್ಗ ಉದ್ದವಾಗುತ್ತದೆ, ಎತ್ತುಗಳು ಅಷ್ಟು ಹೆಚ್ಚು ದೂರ ಇಳಿದು ಹತ್ತಬೇಕು. ಬರೀ ರಾಗಿ ಹುಲ್ಲು ತಿಂದು ಅವುಗಳ ಪಕ್ಕೆ ಎದ್ದು ಕಾಣತೊಡಗಿತು. ಅತ್ತೆ ದಿನಾ ಸಂಜೆ ಅವುಗಳ ಮೈ ಸವರಿ ನೋಡಿ ಸುಮ್ಮನೆ ಒಳಗೆ ಬರುತ್ತಿದ್ದರು. ಒಂದು ದಿನ ಗಾಣದವರ ಮನೆಗೆ ಹೋಗಿ, ತೋಟಕ್ಕೆ ಗೊಬ್ಬರ ಎಂದು ಹೇಳಿ, ಒಂದು ಮೂಟೆ ಹರಳು ಹಿಂಡಿ ಹೊರಿಸಿಕೊಂಡು ಬಂದರು. ಗಾಣದವರು ಎರಡೆರಡು ಸಲ ಕೇಳಿದರಂತೆ, ದನಕ್ಕಲ್ಲ ತಾನೇ ಎಂದು.

ಮಾರನೆಯ ಬೆಳಿಗ್ಗೆ ಅತ್ತೆ ಮುಳಬಾಗಿಲಿನ ಕಡೆ ಹೊರಟರು. ಅಲ್ಲಿ ಕೊಟ್ಟಿದ್ದ ಮಗಳಿಗೆ ಹೆರಿಗೆಯಾಗಿತ್ತು. ಶ್ರೀನಿವಾಸಪುರದವರೆಗೆ ಎಂಟು ಮೈಲಿ ನಡೆದು, ಅಲ್ಲಿಂದ ಇದ್ದಿಲ ಬಸ್ಸು ಹಿಡಿಯಬೇಕು. ಪೆಟ್ರೋಲು ಇಲ್ಲದ ಕಾಲ, ಬಸ್ಸಿನ ಹಿಂದೆ ಒಲೆ ಕಟ್ಟಿಕೊಂಡು ಇದ್ದಿಲ ಹೊಗೆಯಲ್ಲಿ ಓಡಿಸುತ್ತಿದ್ದರು. ಹೊರಡುವ ಮುಂಚೆ ಅತ್ತೆ ಮಣ್ಣಿನ ಬಾನಿಯ ಹತ್ತಿರ ನಿಂತು ಹಿಂಡಿಯ ಬಿಲ್ಲೆಗಳನ್ನು ಒಡೆದು ಕಲಗಚ್ಚಿನಲ್ಲಿ ನೆನೆಹಾಕಿದರು.

"ಸಂಜೆ ಎರಡಕ್ಕೂ ಹಾಕು. ನಾಳೆ ಬೆಳಿಗ್ಗೆ ಕಪಿಲೆ ಬಿಟ್ಟ ಮೇಲೆ ಇನ್ನೊಂದು ಸಲ ಹಾಕು. ಮೂಸಿ ಬಿಟ್ರೆ ಒಂದು ಹಿಡಿ ಉಪ್ಪು ಬೆರೆಸು," ಎಂದರು.

"ಅದು ವಿಷ ಅಂತ ಓದಿದೆನಲ್ಲ ಅತ್ತೆ."

"ಏಮೇ, ನಿನ್ನ ಕಾಗದ ಎತ್ತು ಸಾಕಿದೆಯಾ?"

"ಕಾಗದಕ್ಕೆ ರುಜು ಹಾಕಿದವರು ನಿಮ್ಮ ಮಗನೇ. ಊರಿಗೆಲ್ಲ ಬುದ್ಧಿ ಹೇಳಿ ನಮ್ಮನೇಲೇ ಹಾಕೋದಾ?"

"ಚಾಲ್ಲೇ, ಸಾಕು. ನಿಮ್ಮಪ್ಪನ ಮನೇಲಿ ಒಂದು ಮೇಕೆ ಆದ್ರೂ ಕಟ್ಟಿದ್ರೇನೆ? ಹಗ್ಗ ಹಿಡಿಯೋಕೆ ಬರಲ್ಲ, ನಂಗೆ ಹೇಳೋಕೆ ಬಂದ್ಲು."

ನಮ್ಮಪ್ಪನ ಮನೆಯಲ್ಲಿ ದನವಿರಲಿಲ್ಲ, ಅದು ನಿಜ. ನಿಜವಾದದ್ದರಿಂದಲೇ ಅದು ನನಗೆ ಚುಚ್ಚಿತು. ಪಕ್ಕದ ಮನೆಯವರು ಹಿತ್ತಿಲಿನಲ್ಲಿ ಪಾತ್ರೆ ಉಜ್ಜುತ್ತಾ ಕೇಳಿಸಿಕೊಳ್ಳುತ್ತಿದ್ದರು. "ಆಯ್ತು ಅತ್ತೆ, ನೀವು ಹೇಳಿದ ಹಾಗೇ ಮಾಡ್ತೀನಿ," ಎಂದೆ. ಮದುವೆಯಾಗಿ ಬಂದ ಮೇಲೆ ಆ ಮಾತು ಆಡಿದ್ದು ಅದೇ ಮೊದಲು. ಅತ್ತೆ ಒಂದು ಗಳಿಗೆ ನನ್ನನ್ನೇ ನೋಡಿದರು. ಆಮೇಲೆ ಗಂಟು ಎತ್ತಿಕೊಂಡು ಹೊರಟರು.

ಆ ಇಡೀ ದಿನ ಬಾನಿ ನನ್ನ ಕಣ್ಣೆದುರಿಗೇ ಇತ್ತು. ಹಿಂಡಿ ನೆನೆದು ಉಬ್ಬಿ ಕಪ್ಪು ಚುಕ್ಕೆಗಳು ಮೇಲೆ ಬಂದವು. ಅದನ್ನು ಕಾಲಿನಿಂದ ಒದ್ದು ಚೆಲ್ಲಲು ಎಷ್ಟು ಹೊತ್ತು ಬೇಕು? ನಾನು ಅದರ ಸುತ್ತಲೇ ಕಸ ಗುಡಿಸಿದೆ, ಅದರ ಪಕ್ಕದಲ್ಲೇ ರಾಗಿ ಬೀಸಿದೆ. ಮಧ್ಯಾಹ್ನ ಒಂದು ಕಾಗೆ ಬಾನಿಯ ಅಂಚಿನ ಮೇಲೆ ಬಂದು ಕೂತು, ಒಳಗೆ ಬಗ್ಗಿ ನೋಡಿ, ಕೊಕ್ಕು ಹಾಕದೆ ಹಾರಿಹೋಯಿತು. ಆದರೂ ಮನಸ್ಸು ಹಟ ಹಿಡಿದಿತ್ತು. ಹೇಳಿದ್ದೇನೆ, ಕೇಳಲಿಲ್ಲ, ಇನ್ನು ನನ್ನದೇನಿದೆ ಎಂದು ಒಳಗೊಳಗೇ ಕೈ ತೊಳೆದುಕೊಂಡಿದ್ದೆ. ಎತ್ತುಗಳಿಗೆ ಸ್ವಲ್ಪ ಹೊಟ್ಟೆ ಕೆಟ್ಟರೆ ಅತ್ತೆಗೆ ಬುದ್ಧಿ ಬರುತ್ತದೆ ಎಂದೂ ಅಂದುಕೊಂಡೆ. ಸಾಯುತ್ತವೆ ಎಂದು ಅಂದುಕೊಳ್ಳಲಿಲ್ಲ. ಇದನ್ನು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ವಿಷ ಎಂಬ ಪದವನ್ನು ಓಣಿಗೆಲ್ಲ ಓದಿ ಹೇಳಿದವಳಿಗೆ ಸಾಯುತ್ತವೆಂದು ತಿಳಿಯಲಿಲ್ಲವೆಂದರೆ ಯಾರು ನಂಬುತ್ತಾರೆ?

ಹೊತ್ತು ಮುಳುಗುವ ಮುಂಚೆ ಎತ್ತುಗಳನ್ನು ಬಾನಿಗೆ ಬಿಟ್ಟೆ. ದೊಡ್ಡದು ಮೂತಿ ಹಾಕಿ, ಬುಸ್ಸೆಂದು ಉಸಿರುಬಿಟ್ಟು, ಹಿಂದಕ್ಕೆ ಸರಿಯಿತು. ಚಿಕ್ಕದು ಅದನ್ನು ನೋಡಿ ತಾನೂ ಸರಿಯಿತು. ಅಲ್ಲಿಗೆ ನಾನು ನಿಲ್ಲಿಸಬಹುದಿತ್ತು. ತಿನ್ನಲಿಲ್ಲ ಎಂದರೆ ಮುಗಿಯುತ್ತಿತ್ತು, ನನ್ನ ತಪ್ಪೂ ಇರುತ್ತಿರಲಿಲ್ಲ. ನಾನು ಒಳಗೆ ಹೋಗಿ ಒಂದು ಹಿಡಿ ಉಪ್ಪು ತಂದೆ. ಒಂದು ಹಿಡಿಯಲ್ಲ, ಎರಡು. ಮಧ್ಯಾಹ್ನದ ಗಂಜಿ ಉಳಿದಿತ್ತು, ಅದನ್ನೂ ಸುರಿದು ಮೊಣಕೈವರೆಗೆ ಕೈ ಹಾಕಿ ಕಲಸಿದೆ. ಉಪ್ಪಿನ ವಾಸನೆಗೆ ಅವು ಮತ್ತೆ ಬಂದವು. ನಾನು ದೊಡ್ಡದರ ಕುತ್ತಿಗೆಯ ಕೆಳಗಿನ ಗಂಗೆದೊಗಲು ಸವರುತ್ತಾ ಅತ್ತೆಯ ಹಾಗೆಯೇ ತೆಲುಗಿನಲ್ಲಿ, "ತಿನು ನಾಯನಾ, ತಿನ್ನು," ಎಂದೆ. ಅವು ತಿಂದವು.

ಬೆಳಿಗ್ಗೆ ಎದ್ದ ಕೂಡಲೇ ಕೊಟ್ಟಿಗೆಗೆ ಓಡಿದೆ. ಎರಡೂ ಮಲಗಿ ಮೆಲುಕು ಹಾಕುತ್ತಿದ್ದವು. ಸೆಗಣಿ ಚೆನ್ನಾಗಿತ್ತು. ಯಜಮಾನರು ಅವನ್ನು ಹೊಡೆದುಕೊಂಡು ಹೋಗಿ ಬಿಸಿಲೇರುವವರೆಗೆ ಕಪಿಲೆ ಹೊಡೆದು ಬಂದರು. ಅವರು ಕೊಟ್ಟಿಗೆಯ ತಂಟೆಗೆ ಬರುವವರಲ್ಲ, ಎತ್ತು ಕಟ್ಟಿ ಸ್ನಾನಕ್ಕೆ ಹೋದರು. ನನಗೆ ಸಮಾಧಾನವೂ ಆಯಿತು, ನಾಚಿಕೆಯೂ ಆಯಿತು. ಅತ್ತೆಯ ಮಾತೇ ಸರಿಯಾಯಿತಲ್ಲ, ಡಾಕ್ಟರು ಪುಸ್ತಕ ಓದಿ ಹೆದರಿಸಿದರು ಎಂದುಕೊಂಡೆ. ಎರಡನೆಯ ಹೊತ್ತಿನ ಹಿಂಡಿಯನ್ನು ಧೈರ್ಯವಾಗಿಯೇ ಹಾಕಿದೆ. ಈ ಸಲ ಅವು ಮೂಸಿ ಸರಿಯಲಿಲ್ಲ, ಬಾನಿಯ ತಳ ನೆಕ್ಕಿದವು.

ಬಾನಿ ತೊಳೆಯುತ್ತಿದ್ದೆ. ಬಾಗಿಲಲ್ಲಿ ನೆರಳು ಬಿತ್ತು. ನೋಡಿದರೆ ಅತ್ತೆ. ಹೆರಿಗೆಯಾದ ಮಗಳ ಮನೆಯಲ್ಲಿರಬೇಕಾದವರು, ಗಂಟು ಕಂಕುಳಲ್ಲೇ ಇದೆ, ಕಾಲೆಲ್ಲ ಧೂಳು. ಹಿಂದಿನ ದಿನ ಬಸ್ಸು ಬಂದಿರಲಿಲ್ಲ. ಶ್ರೀನಿವಾಸಪುರದಲ್ಲೇ ನೆಂಟರ ಮನೆಯಲ್ಲಿ ಮಲಗಿ, ಬೆಳಿಗ್ಗೆ ಬಸ್ಸಿಗೆ ಕಾಯುತ್ತಿದ್ದಾಗ ತೊಗಲಿನ ಸಾಹೇಬರು ಸಿಕ್ಕಿದ್ದರಂತೆ. ಇಷ್ಟೊಂದು ತೊಗಲು ಎಲ್ಲಿಂದ ಎಂದು ಅತ್ತೆ ಅವರನ್ನು ಕೇಳಿದರಂತೆ. ನಾನು ಕೇಳದೆ ಬಿಟ್ಟ ಮಾತು ಅದು. ಗಾಣದ ಹರಳು ಹಿಂಡಿ ತಿಂದು ಮೂರು ಊರಲ್ಲಿ ದನ ಹೋದವಮ್ಮಾ, ಎಲ್ಲ ಕಡೆಯೂ ಮೊದಲು ಏನೂ ಆಗಲ್ಲ, ಎರಡು ದಿನ ಬಿಟ್ಟು ಬೀಳ್ತವೆ ಎಂದು ಸಾಹೇಬರು ಹೇಳಿದರಂತೆ.

ಇದೆಲ್ಲ ನನಗೆ ತಿಳಿದದ್ದು ಆಮೇಲೆ. ಆಗ ಅತ್ತೆ ಕೇಳಿದ್ದು ಒಂದೇ ಮಾತು.

"ಹಾಕಿದೆಯೇನೆ?"

"ಹಾಕಿದೆ. ಎರಡು ಹೊತ್ತೂ ಹಾಕಿದೆ. ನೀವೇ ಹೇಳಿದ್ರಲ್ಲ."

ಅತ್ತೆ ಬೈಯಲಿಲ್ಲ. ಗಂಟು ಕೆಳಗಿಟ್ಟು ಕೊಟ್ಟಿಗೆಗೆ ಹೋದರು. ಎತ್ತುಗಳು ಅವರನ್ನು ನೋಡಿ ಕಿವಿ ಅಲ್ಲಾಡಿಸಿದವು. ಕಾಯಿಲೆ ಹಿಡಿದರೆ ದನದ ಕಿವಿ ಮೊದಲು ತಣ್ಣಗಾಗುತ್ತದೆ; ಎರಡರ ಕಿವಿಯನ್ನೂ ಹಿಡಿದು ನೋಡಿದರು, ಹೊಟ್ಟೆಗೆ ಕಿವಿಯಿಟ್ಟು ಕೇಳಿದರು. "ಬೆಚ್ಚಗಿದೆ," ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಯಜಮಾನರು ವಿಷಯ ಕೇಳಿ ಒದ್ದೆ ಪಂಚೆಯಲ್ಲೇ ಡಾಕ್ಟರನ್ನು ಕರೆತರಲು ಓಡಿದರು.

ಡಾಕ್ಟರು ಮಧ್ಯಾಹ್ನ ಇಳಿಯುವ ಹೊತ್ತಿಗೆ ಬಂದರು. ಬಿದಿರಿನ ಗೊಟ್ಟದಲ್ಲಿ ಭೇದಿಯ ಉಪ್ಪಿನ ನೀರು ಕುಡಿಸಿದರು, ಅಗಸೆ ಗಂಜಿ ಮಾಡಿಸಿ ಕುಡಿಸಿದರು. ಆಮೇಲೆ ಜಗಲಿಯ ಮೇಲೆ ಕೂತು ಕೈ ಒರೆಸಿಕೊಂಡರು. "ಇನ್ನೇನು ಮಾಡ್ಬೇಕು?" ಎಂದು ಅತ್ತೆ ಕೇಳಿದರು. "ಕಾಯ್ಬೇಕಮ್ಮಾ," ಎಂದರು. ಅತ್ತೆ ಬಿಡಲಿಲ್ಲ. ಮೂವತ್ತು ವರ್ಷ ಗಸಿ ಹಾಕಿದಾಗ ಏನೂ ಆಗಲಿಲ್ಲವಲ್ಲ, ಈಗ ಯಾಕೆ ಎಂದು ಕೇಳಿದರು. ಗಸಿ ಹೇಗೆ ಮಾಡುತ್ತಿದ್ದಿರಿ ಎಂದು ಡಾಕ್ಟರು ವಿಚಾರಿಸಿದರು. ಅತ್ತೆ ಹುರಿಯುವುದು, ಕುಟ್ಟುವುದು, ದಿನವಿಡೀ ಕುದಿಸುವುದು ಎಲ್ಲ ಹೇಳಿದರು. ಡಾಕ್ಟರು ತಲೆ ತಗ್ಗಿಸಿದರು. "ಕುದಿಸಿದ್ರೆ ವಿಷ ಹೋಗುತ್ತಮ್ಮಾ. ಗಾಣದಲ್ಲಿ ಕುದಿಸಲ್ಲ, ಹಸೀದು. ನಾನು ಬರೆಸುವಾಗ ಅದನ್ನು ಹೇಳಬೇಕಿತ್ತು," ಎಂದರು. ಅವರಿಗಿನ್ನೂ ಚಿಕ್ಕ ವಯಸ್ಸು, ಕಣ್ಣಲ್ಲಿ ನೀರಿತ್ತು.

ಸಾವು ಬರುತ್ತದೆಂದು ಗೊತ್ತಿದ್ದೂ ಎದುರಿಗೆ ಆರೋಗ್ಯವಾಗಿ ನಿಂತಿರುವ ಪ್ರಾಣಿಯನ್ನು ನೋಡುತ್ತಾ ಕೂರುವುದು ಎಂಥದೆಂದು ನನಗೆ ಆಗ ತಿಳಿಯಿತು. ಅವತ್ತು ಸಂಜೆಯವರೆಗೂ ಎತ್ತುಗಳು ಚೆನ್ನಾಗಿದ್ದವು. ಚಿಕ್ಕದು ಅತ್ತೆಯ ಸೆರಗು ಜಗಿಯಿತು. ಅತ್ತೆ ಎದ್ದು ಹೋಗಲಿಲ್ಲ, ಊಟ ಮಾಡಲಿಲ್ಲ. ನಾನು ಒಲೆಯ ಮುಂದೆ ಕೂತು, ಕೊಟ್ಟಿಗೆಯಿಂದ ಗೊರಸಿನ ಸದ್ದು ಬಂದಾಗಲೆಲ್ಲ ಬೆಚ್ಚಿಬೀಳುತ್ತಿದ್ದೆ. ಸದ್ದು ಬರದಿದ್ದಾಗ ಇನ್ನೂ ಹೆಚ್ಚು ಹೆದರುತ್ತಿದ್ದೆ.

ಮಾರನೆಯ ದಿನ ದೊಡ್ಡದು ಮೆಲುಕು ಹಾಕುವುದನ್ನು ನಿಲ್ಲಿಸಿತು. ಮಧ್ಯಾಹ್ನಕ್ಕೆ ಭೇದಿ ಶುರುವಾಗಿ, ಅದರಲ್ಲಿ ರಕ್ತ ಕಾಣಿಸಿತು. ಚಿಕ್ಕದಕ್ಕೂ ಅದೇ ಹಿಡಿಯಿತು. ಅತ್ತೆ ಮತ್ತೆ ಮತ್ತೆ ಕಿವಿ ಮುಟ್ಟಿ ನೋಡುತ್ತಿದ್ದರು. ಒಮ್ಮೆ ದೊಡ್ಡದರ ಕಿವಿ ಮುಟ್ಟಿದವರು ಕೈ ತೆಗೆಯಲೇ ಇಲ್ಲ. ಎರಡೂ ಅಂಗೈಯಲ್ಲಿ ಆ ಕಿವಿಯನ್ನು ಉಜ್ಜಿ ಉಜ್ಜಿ ಬೆಚ್ಚಗೆ ಮಾಡಲು ನೋಡಿದರು. ನಾನು ಇನ್ನೊಂದು ಕಿವಿಯನ್ನು ಹಿಡಿದು ಉಜ್ಜಿದೆ. ಐಸಿನ ಹಾಗೆ ತಣ್ಣಗಿತ್ತು. ದೊಡ್ಡದು ಅದರ ಮಾರನೆಯ ಮಧ್ಯಾಹ್ನ ಸತ್ತಿತು. ಚಿಕ್ಕದು ಇನ್ನೊಂದು ಬೆಳಗು ಕಂಡಿತು. ಅತ್ತೆ ಅದರ ಬಾಯಿಗೆ ಗಂಜಿಯಲ್ಲಿ ಅದ್ದಿದ ಬೆರಳು ಇಟ್ಟರು. ಅದು ಒಂದು ಸಲ ನೆಕ್ಕಿತು, ಅಷ್ಟೇ.

ತೋಟದ ಮೂಲೆಯಲ್ಲಿ ಗುಂಡಿ ತೋಡಿ ಸುಣ್ಣ ಹಾಕಿ ಹೂಳಿದರು. ಸಾಹೇಬರು ಗಾಡಿ ದೂರದಲ್ಲೇ ಬಿಟ್ಟು ನಡೆದು ಬಂದಿದ್ದರು. ತೊಗಲಿನ ಮಾತು ಎತ್ತಲಿಲ್ಲ. ಅತ್ತೆಯಿಂದ ನಾಲ್ಕು ಮಾರು ದೂರದಲ್ಲಿ ನೆಲದ ಮೇಲೆ ಕೂತು, ಸ್ವಲ್ಪ ಹೊತ್ತಿನ ಮೇಲೆ ಎದ್ದು, ಟೋಪಿ ಸರಿಮಾಡಿಕೊಂಡು ಹೋದರು.

ಚಾವಡಿಯಲ್ಲಿ ಪಂಚಾಯಿತಿ ಸೇರಿತು. ಕಟ್ಟುಪಾಡು ಎಲ್ಲರಿಗೂ ಒಂದೇ, ಮೆಂಬರ ಮನೆಯೆಂದು ಬಿಡುವ ಹಾಗಿಲ್ಲ. ಹೆಂಗಸರು ಹೊರಗೆ ಅರಳಿಕಟ್ಟೆಯ ಹತ್ತಿರ ನಿಂತಿದ್ದೆವು. ದನಕ್ಕೆ ಹಿಂಡಿ ಹಾಕಿದವರು ಯಾರು ಎಂದು ಕೇಳಿದರು. ಹೇಳಬೇಕೆಂದು ಒಂದು ಹೆಜ್ಜೆ ಮುಂದಿಟ್ಟೆ. ಇಟ್ಟೆನೋ, ಇಟ್ಟೆನೆಂದು ಈಗ ಅಂದುಕೊಳ್ಳುತ್ತಿದ್ದೇನೋ, ಪ್ರಮಾಣ ಮಾಡಿ ಹೇಳಲಾರೆ. ಅಷ್ಟರಲ್ಲಿ ಅತ್ತೆಯ ದನಿ ಕೇಳಿಸಿತು.

"ತಂದಿದ್ದೂ ನಾನೇ, ನೆನೆಹಾಕಿದ್ದೂ ನಾನೇ, ಹಾಕಿದ್ದೂ ನಾನೇ. ಊರಿಗೆ ಹೊರಡೋ ಮುಂಚೆ ಹಾಕಿ ಹೋದೆ."

ಯಜಮಾನರಿಗೆ ನಿಜ ಗೊತ್ತಿತ್ತು. ಅವರು ನನ್ನ ಕಡೆ ಒಮ್ಮೆ ನೋಡಿ ನೆಲ ನೋಡಿದರು. ಯಾವ ಮಾತಿಗೂ ಎದುರಾಡದೆ ಬಿಡದ ನನ್ನ ಬಾಯಿಗೆ ಅವತ್ತು ಬೀಗ ಬಿದ್ದಿತ್ತು.

ಸಂಜೆಗೆ ಮುಂಚೆಯೇ ತೋಟಿ ತಮಟೆ ಹೊಡೆಯುತ್ತಾ ಹೊರಟ. ಪಾಪ, ಅವನ ಎಮ್ಮೆಯ ಕರುವನ್ನು ಬದುಕಿಸಿಕೊಟ್ಟವರೂ ಅತ್ತೆಯೇ. ನಮ್ಮ ಓಣಿಗೆ ಬಂದಾಗ ಅವನ ಕೈ ಮೆಲ್ಲಗಾಯಿತು. ಅತ್ತೆ ಬಾಗಿಲಿಗೆ ಬಂದು ನಿಂತು, "ಗಟ್ಟಿಯಾಗಿ ಹೊಡಿಯೋ, ಆ ಕಡೆ ಮನೆಯೋರಿಗೂ ಕೇಳಿಸ್ಲಿ, ಯಾರೂ ಹಾಕದೆ ಇರ್ಲಿ," ಎಂದರು. ಅವನು ಅಳುತ್ತಾ ಹೊಡೆದ. ಎತ್ತುಗಳಿಗೆ ವಿಷದ ಹಿಂಡಿ ಹಾಕಿದವರು ಇಂಥವರು ಎಂದು ಅತ್ತೆಯ ಹೆಸರು ಮೂರು ಓಣಿಯಲ್ಲೂ ಕೇಳಿಸಿತು. ನಾನು ಅಡಿಗೆಮನೆಯಲ್ಲಿ ಕಿವಿ ಮುಚ್ಚಿಕೊಂಡು ಕೂತಿದ್ದೆ.

ಅದಾದ ಮೇಲೆ ದನ ನೋಡಬನ್ನಿ ಎಂದು ನಮ್ಮ ಬಾಗಿಲಿಗೆ ಯಾರೂ ಬರಲಿಲ್ಲ. ವಾರ ಕಳೆಯಿತು, ಎರಡು ವಾರ ಕಳೆಯಿತು. ಒಂದು ಬೆಳಿಗ್ಗೆ ಅತ್ತೆ ಖಾಲಿ ಕೊಟ್ಟಿಗೆ ಗುಡಿಸುತ್ತಿದ್ದರು. ಗುಡಿಸಲು ಅಲ್ಲಿ ಏನೂ ಇರಲಿಲ್ಲ. ನನಗೆ ತಡೆಯಲಾಗಲಿಲ್ಲ, ಹೋಗಿ ಅವರ ಕಾಲು ಹಿಡಿದುಕೊಂಡೆ.

"ಯಾಕತ್ತೆ ಹಾಗೆ ಹೇಳಿದ್ರಿ? ಹಾಕಿದವಳು ನಾನು."

ಅತ್ತೆ ಕಸಬರಿಕೆ ಪಕ್ಕಕ್ಕಿಟ್ಟು ನೆಲದ ಮೇಲೆ ಕೂತರು.

"ಸಾಹೇಬ್ರು ಹೇಳ್ದಾಗ ನಂಗೆ ಭಯ ಆಗ್ಲಿಲ್ಲ ಕಣೇ. ನಕ್ಕೆ. ನ‌ಮ್ಮ ಸೊಸೆ ನಾನು ಹೇಳಿದ್ದು ಯಾವತ್ತು ಮಾಡಿದಾಳೆ, ಇವತ್ತು ಮಾಡೋಕೆ? ಬಾನಿ ಒದ್ದು ಚೆಲ್ಲಿರ್ತಾಳೆ, ನಾನು ಹೋದ್ರೆ ಒಂದು ತಿಂಗಳು ಹಂಗಿಸ್ತಾಳೆ, ಹಂಗಿಸ್ಲಿ ಅಂದ್ಕೊಂಡೆ. ಆದ್ರೂ ಆ ಮೂಟೆ ಮನೇಲಿ ಇರೋದು ಬೇಡ ಅಂತ ವಾಪಸು ಹೊರಟೆ, ನಿಧಾನವಾಗೇ ಬಂದೆ. ದಾರೀಲಿ ಹುಣಸೆ ಮರದ ಕೆಳಗೆ ಕೂತು ಬುತ್ತಿ ಬಿಚ್ಚಿ ತಿಂದೆ. ಓಡಿ ಬಂದಿದ್ರೆ ಎರಡನೇ ಹೊತ್ತಾದ್ರೂ ತಪ್ತಿತ್ತೇನೋ."

ನನ್ನ ತಲೆಯ ಮೇಲೆ ಕೈಯಿಟ್ಟರು. "ಒಂದು ದಿನಾನೂ ನನ್ನ ಮಾತು ಕೇಳಿದೋಳಲ್ಲ. ಅವತ್ತೇ ಕೇಳ್ಬೇಕಿತ್ತೇನೆ?"

ಅತ್ತೆ ಆಮೇಲೆ ಹನ್ನೊಂದು ವರ್ಷ ಬದುಕಿದ್ದರು. ನನಗೆ ಮತ್ತೆ ಒಂದು ಕೆಲಸವನ್ನೂ ಹೇಳಲಿಲ್ಲ. ಯಜಮಾನರು ಮುಂದೆ ಒಂದು ಹಸು ತಂದು ಕಟ್ಟಿದರು. ಅದಕ್ಕೆ ಒಂದು ಹಿಡಿ ಬೂಸ ಹಾಕಬೇಕಾದರೂ ಅತ್ತೆ ಅದನ್ನು ಮೊರದಲ್ಲಿಟ್ಟುಕೊಂಡು ಅಡಿಗೆಮನೆಯ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. "ನೋಡಮ್ಮಾ, ಹಾಕಲೇನು?" ಎಂದು ಕೇಳುತ್ತಿದ್ದರು. ನಾನು ಎದ್ದು, ಮೊರದೊಳಗೆ ಕೈ ಹಾಕಿ ನೋಡಿ, "ಹಾಕಿ ಅತ್ತೆ," ಎನ್ನಬೇಕಿತ್ತು. ದಿನಕ್ಕೆ ಎರಡು ಸಲ, ಬೆಳಿಗ್ಗೆ ಒಂದು, ಸಂಜೆ ಒಂದು.